ಬೆಳಕಿನ ಹದ

ನಮ್ಮ ಮನೆಯಲ್ಲಿ ದೀಪಗಳನ್ನು ಆಳುತ್ತಿದ್ದವಳು ನಮ್ಮ ತಾಯಿ. ಹೊಲ, ದನಕರು, ಕೊಡುವ ಕೊಳ್ಳುವ ವ್ಯವಹಾರ ಇವೆಲ್ಲ ತಂದೆಯವರ ಅಧಿಕಾರಕ್ಕೆ ಸೇರಿದ್ದವು. ಆದರೆ ಹೊತ್ತು ಮುಳುಗಿದ ಮೇಲೆ ಮನೆಯ ಯಾವ ಮೂಲೆಗೆ ಎಷ್ಟು ಬೆಳಕು ಸಲ್ಲಬೇಕೆಂಬುದನ್ನು ತೀರ್ಮಾನಿಸುವ ಹಕ್ಕು ಆಕೆಯದಾಗಿತ್ತು. ಆ ತೀರ್ಪಿಗೆ ಮೇಲ್ಮನವಿ ಇರಲಿಲ್ಲ.

ನಮ್ಮದು ಸೋಲೂರು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ನೆಲಮಂಗಲವನ್ನು ದಾಟಿ ಕುಣಿಗಲಿನ ಕಡೆಗೆ ಸಾಗುವವರು ಈ ಊರನ್ನು ಬಲ್ಲರು. ಮಾಗಡಿ ಸೀಮೆಯ ರಾಗಿಯ ಹೊಲಗಳು, ಅವರೆಯ ಸೊಗಡು, ಹಲಸಿನ ಮರಗಳ ನೆರಳು, ದೂರದಲ್ಲಿ ಶಿವಗಂಗೆಯ ಬೆಟ್ಟ, ಇವು ನನ್ನ ಬಾಲ್ಯದ ಹಗಲುಗಳು. ರಾತ್ರಿಗಳೆಂದರೆ ಕತ್ತಲೆ ಮತ್ತು ಮೂರು ದೀಪಗಳು: ದೇವರ ಮುಂದೆ ಹರಳೆಣ್ಣೆಯ ಹಣತೆ, ಅಡಿಗೆಮನೆಯಲ್ಲಿ ಸೀಮೆಎಣ್ಣೆಯ ಬುಡ್ಡಿ, ನಡುಮನೆಯಲ್ಲಿ ಗಾಜಿನ ಬುರುಡೆಯ ಲಾಟೀನು.

ಆ ಲಾಟೀನಿಗೆ ಬತ್ತಿಯನ್ನು ಏರಿಸುವ, ಇಳಿಸುವ ಒಂದು ಪುಟ್ಟ ತಿರುಪು ಇತ್ತು. ಅದೇ ನಮ್ಮ ತಾಯಿಯ ರಾಜಮುದ್ರೆ. ನಾವು ಮಕ್ಕಳು ಓದಲು ಕುಳಿತರೆ ಬತ್ತಿ ಏರುತ್ತಿತ್ತು. ಓದು ಮುಗಿದು ಹರಟೆ ಆರಂಭವಾದೊಡನೆ, ಅಡಿಗೆಮನೆಯಲ್ಲಿದ್ದವಳು ಅದನ್ನು ಹೇಗೆ ಅರಿಯುತ್ತಿದ್ದಳೋ, ಬಂದು ಬತ್ತಿಯನ್ನು ಇಳಿಸುತ್ತಿದ್ದಳು. “ಮಾತಿಗೆ ಇಷ್ಟು ಬೆಳಕು ಸಾಕು” ಎನ್ನುತ್ತಿದ್ದಳು. ಊಟಕ್ಕೆ ಒಂದು ಅಳತೆ, ಮಾತಿಗೆ ಒಂದು ಅಳತೆ, ನಿದ್ದೆಗೆ ಇನ್ನೊಂದು. ಮಲಗುವ ಹೊತ್ತಿಗೆ ಬತ್ತಿ ಒಂದು ಅವರೆಕಾಳಿನಷ್ಟು ಮಾತ್ರ ಉರಿಯುತ್ತಿತ್ತು. “ದೀಪ ಆರಿಸು” ಎಂಬ ಮಾತನ್ನು ಅವಳು ಎಂದೂ ಆಡಲಿಲ್ಲ. “ಸಣ್ಣಗೆ ಮಾಡು” ಎನ್ನುತ್ತಿದ್ದಳು. ತೀರ ಬೇಡವಾದಾಗ “ಶಾಂತ ಮಾಡು” ಎನ್ನುತ್ತಿದ್ದಳು.

ಇದು ಎಣ್ಣೆಯ ಮಿತವ್ಯಯವಷ್ಟೇ ಎಂದು ಆಗ ನಾನು ತಿಳಿದಿದ್ದೆ. ಸೀಮೆಎಣ್ಣೆ ಅಗ್ಗವಾಗಿರಲಿಲ್ಲ ಎಂಬುದು ನಿಜ. ಆದರೆ ಬೆಳಕಿನ ಅಳತೆಯಲ್ಲಿ ಮಿತವ್ಯಯಕ್ಕಿಂತ ಹೆಚ್ಚಿನದೇನೋ ಇದೆಯೆಂಬುದು ನನಗೆ ಮೊದಲು ತಿಳಿದದ್ದು ರೇಷ್ಮೆಹುಳುಗಳಿಂದ.

ನಮ್ಮ ಮನೆಯಲ್ಲಿ ವರ್ಷಕ್ಕೆ ಎರಡು ಮೂರು ಬೆಳೆ ಹುಳು ಸಾಕುತ್ತಿದ್ದೆವು. ಹಿಪ್ಪುನೇರಳೆ ಸೊಪ್ಪನ್ನು ಮೇದು ಮೇದು ಹುಳು ಹಣ್ಣಾದಾಗ ಅವುಗಳನ್ನು ಆರಿಸಿ ಬಿದಿರಿನ ಚಂದ್ರಿಕೆಗಳ ಮೇಲೆ ಬಿಡಬೇಕು. ಅಲ್ಲಿಂದ ಎರಡು ಮೂರು ದಿನ ಅವು ಗೂಡು ಕಟ್ಟುತ್ತವೆ. ಆ ದಿನಗಳಲ್ಲಿ ನಮ್ಮ ತಾಯಿ ಹುಳುವಿನ ಕೋಣೆಯೊಳಗೆ ಲಾಟೀನನ್ನು ಉರಿಸಿಕೊಂಡು ಹೋಗಲು ಯಾರಿಗೂ ಬಿಡುತ್ತಿರಲಿಲ್ಲ. ಬತ್ತಿಯನ್ನು ಇಳಿಸಿ, ದೀಪವನ್ನು ಹೊಸ್ತಿಲ ಆಚೆಗಿಟ್ಟು, ಗೋಡೆಗೆ ತಾಗಿ ಹಿಂತಿರುಗಿ ಬರುವ ಮಂದವಾದ ಬೆಳಕಿನಲ್ಲಿಯೇ ಕೆಲಸ ಮಾಡುತ್ತಿದ್ದಳು. ಕಾರಣವನ್ನು ಮುಂದೆ ನಾನು ಪುಸ್ತಕದಲ್ಲಿ ಓದಿ ತಿಳಿದೆ. ಗೂಡು ಕಟ್ಟುವ ಹುಳುವಿಗೆ ಪ್ರಖರವಾದ ಬೆಳಕು ಸಲ್ಲದು. ಒಂದು ಕಡೆ ಬೆಳಕು ಹೆಚ್ಚಾದರೆ ಹುಳುಗಳು ಅದರಿಂದ ಸರಿದು ಕತ್ತಲೆಯ ಕಡೆ ಒತ್ತೊತ್ತಾಗಿ ಸೇರುತ್ತವೆ. ಎರಡು ಹುಳು ಸೇರಿ ಒಂದೇ ಗೂಡು ಕಟ್ಟಿಬಿಡುತ್ತವೆ. ಅಂಥ ಜೋಡಿಗೂಡಿನಿಂದ ನೂಲು ಸರಾಗವಾಗಿ ಬಿಚ್ಚುವುದಿಲ್ಲ. ಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ದಾಗ ಬೆಲೆ ಬೀಳುತ್ತದೆ. ಎಲ್ಲ ಕಡೆಗೂ ಸಮನಾಗಿ ಹರಡಿದ ಮಂದ ಬೆಳಕು ಬೇಕು. ಈ ಸಂಗತಿಯನ್ನು ಶಾಲೆಯ ಮೆಟ್ಟಿಲನ್ನೇ ಹತ್ತದ ನಮ್ಮ ತಾಯಿ ಒಂದೇ ಮಾತಿನಲ್ಲಿ ಹೇಳುತ್ತಿದ್ದಳು: “ಹುಳುವಿಗೂ ಒಂದು ಮರ್ಯಾದೆ ಇದೆ, ಮುಖಕ್ಕೆ ದೀಪ ಹಿಡಿಯಬಾರದು.”

ಇನ್ನೊಂದು ರಾತ್ರಿಯ ನೆನಪು ನನ್ನಲ್ಲಿ ಇದಕ್ಕಿಂತಲೂ ಆಳವಾಗಿ ಉಳಿದಿದೆ. ನನಗೆ ಆಗ ಎಂಟೋ ಒಂಬತ್ತೋ ವರ್ಷ. ತಂದೆಗೆ ವಿಷಮಶೀತಜ್ವರ ಬಂದಿತ್ತು. ಬೆಳಕು ಕಣ್ಣಿಗೆ ಬಿದ್ದರೆ ಅವರು ನರಳುತ್ತಿದ್ದರು. ಪೂರ್ಣ ಕತ್ತಲೆಯಾದರೆ ಅವರ ಸ್ಥಿತಿ ನಮಗೆ ತಿಳಿಯುತ್ತಿರಲಿಲ್ಲ. ನಮ್ಮ ತಾಯಿ ಲಾಟೀನನ್ನು ಅವರ ತಲೆಯ ಹಿಂದೆ ಇರಿಸಿ, ತಿರುಪನ್ನು ಬೆರಳ ತುದಿಯಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸಿದಳು. ಒಮ್ಮೆ ಏರಿಸಿ, ಒಮ್ಮೆ ಇಳಿಸಿ, ಕೊನೆಗೊಂದು ಕಡೆ ನಿಲ್ಲಿಸಿದಳು. ತಂದೆ ನಿದ್ದೆ ಹೋದರು. ಆ ಬೆಳಕಿನಲ್ಲಿ ಅವರ ಮುಖ ಕಾಣುತ್ತಿರಲಿಲ್ಲ. ಹೊದಿಕೆ ಮೇಲೇರುವುದು, ಕೆಳಗಿಳಿಯುವುದು ಮಾತ್ರ ಕಾಣುತ್ತಿತ್ತು. ಅಷ್ಟು ಕಂಡರೆ ಸಾಕಾಗಿತ್ತು. ಬೆಳಗಿನವರೆಗೆ ಅವಳು ಅದನ್ನೇ ನೋಡುತ್ತ ಕುಳಿತಿದ್ದಳು. ತಂದೆ ಆ ಜ್ವರದಿಂದ ಎದ್ದರು. ಮುಂದೆ ಬಹಳ ವರ್ಷ ಬಾಳಿದರು.

ನಾನು ಏಳನೆಯ ತರಗತಿಯಲ್ಲಿದ್ದಾಗ ನಮ್ಮ ಮನೆಗೆ ವಿದ್ಯುತ್ತು ಬಂದಿತು. ಕಾವೇರಿಯ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ಸುಮಾರು ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ೧೯೦೨ರಲ್ಲಿಯೇ ತಲುಪಿತ್ತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದ್ದವು. ಅದೇ ಬೆಳಕು ನಮ್ಮ ನಡುಮನೆಯ ಬಾಗಿಲನ್ನು ತಟ್ಟಲು ಇನ್ನೂ ಆರು ದಶಕಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಬಂದ ದಿನ ಮನೆಯವರೆಲ್ಲ ೪೦ ವ್ಯಾಟಿನ ಆ ಬಲ್ಬಿಗೆ ಕೈಮುಗಿದೆವು. ಹೊಗೆಯಿಲ್ಲ, ಗಾಜು ಒರೆಸುವ ಕೆಲಸವಿಲ್ಲ, ಕಣ್ಣುರಿಯಿಲ್ಲ. ಆ ಬೆಳಕಿನಲ್ಲಿ ಓದಿಯೇ ನಾನು ವಿಜ್ಞಾನದ ಉಪಾಧ್ಯಾಯನಾದೆ. ಅದರ ಉಪಕಾರವನ್ನು ನಾನು ಅಲ್ಲಗಳೆಯಲಾರೆ.

ಆದರೆ ನಮ್ಮ ತಾಯಿ ಗುಂಡಿಯನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಒತ್ತಿ ನೋಡಿ ಒಂದು ಪ್ರಶ್ನೆ ಕೇಳಿದಳು: “ಇದರಲ್ಲಿ ಸಣ್ಣಗೆ ಮಾಡುವುದು ಎಲ್ಲಿ?”

ತಂತಿ ಎಳೆಯಲು ಬಂದಿದ್ದವರು ನಕ್ಕರು. ನಾವೂ ನಕ್ಕೆವು. ಆ ಪ್ರಶ್ನೆಗೆ ಅಂದು ಉತ್ತರವಿರಲಿಲ್ಲ. ಹೊಸ ದೀಪಕ್ಕೆ ಎರಡೇ ಸ್ಥಿತಿಗಳಿದ್ದವು: ಇರುವುದು, ಇಲ್ಲದಿರುವುದು. ನಡುವಣ ವಿಶಾಲವಾದ ಸೀಮೆ, ಮಾತಿನ ಬೆಳಕು, ನಿದ್ದೆಯ ಬೆಳಕು, ಹುಳುವಿನ ಬೆಳಕು, ರೋಗಿಯ ಬೆಳಕು, ಇವೆಲ್ಲ ಒಂದೇ ದಿನದಲ್ಲಿ ನಮ್ಮ ಮನೆಯಿಂದ ಹೊರಟುಹೋದವು. ಹೋದವೆಂಬುದು ನಮಗೆ ತಿಳಿಯಲೂ ಇಲ್ಲ.

ಉತ್ತರ ಜಗತ್ತಿನಲ್ಲಿ ಇರಲಿಲ್ಲವೆಂದಲ್ಲ. ನಾಟಕಶಾಲೆಗಳಲ್ಲಿ ವಿದ್ಯುದ್ದೀಪವನ್ನು ಮಂದಗೊಳಿಸುವ ಸಾಧನಗಳು ಮೊದಲಿನಿಂದಲೂ ಇದ್ದವು. ದೀಪಕ್ಕೆ ಹೋಗುವ ವಿದ್ಯುತ್ತಿನ ದಾರಿಯಲ್ಲಿ ಒಂದು ತಡೆಯನ್ನು ಇಟ್ಟರೆ ದೀಪ ಮಂದವಾಗುತ್ತದೆ. ಹಳೆಯ ಕಾಲದ ಬೀಸಣಿಗೆಯ ರೆಗ್ಯುಲೇಟರನ್ನು ಮುಟ್ಟಿ ನೋಡಿದವರಿಗೆ ಈ ಉಪಾಯ ಗೊತ್ತು. ಆದರೆ ಹೀಗೆ ತಡೆದ ವಿದ್ಯುತ್ತು ಶಾಖವಾಗಿ ವ್ಯರ್ಥವಾಗುತ್ತದೆ; ಸಾಧನವೂ ದೊಡ್ಡದು. ಅಮೆರಿಕೆಯ ಜೋಯೆಲ್ ಸ್ಪೈರಾ ಎಂಬವರು ೧೯೫೯ರಲ್ಲಿ ಅರೆವಾಹಕವನ್ನು ಬಳಸಿ, ಮನೆಯ ಗೋಡೆಯ ಗುಂಡಿಯ ಜಾಗದಲ್ಲಿಯೇ ಕೂಡುವಂಥ ಪುಟ್ಟ ಡಿಮ್ಮರನ್ನು ರೂಪಿಸಿದರು. ಅದರ ಯುಕ್ತಿ ಸೊಗಸಾದುದು. ನಮ್ಮ ಮನೆಗೆ ಬರುವ ವಿದ್ಯುತ್ತು ಅಲೆಯಂತೆ ಸೆಕೆಂಡಿಗೆ ೫೦ ಸಲ ಏರಿಳಿಯುತ್ತದೆ. ಎಂದರೆ ೧೦೦ ಅರ್ಧ ಅಲೆಗಳು. ಡಿಮ್ಮರು ಪ್ರತಿಯೊಂದು ಅರ್ಧ ಅಲೆಯಲ್ಲಿಯೂ ಸ್ವಲ್ಪ ಹೊತ್ತು ದಾರಿಯನ್ನು ಮುಚ್ಚಿ, ಉಳಿದ ಹೊತ್ತು ತೆರೆಯುತ್ತದೆ. ಸೆಕೆಂಡಿಗೆ ನೂರು ಸಲ ಮುಚ್ಚಿ ತೆರೆಯುವ ಈ ಬಾಗಿಲನ್ನು ಕಣ್ಣು ಗುರುತಿಸಲಾರದು. ಬೆಳಕು ಕಡಿಮೆಯಾಯಿತೆಂದಷ್ಟೇ ತಿಳಿಯುತ್ತದೆ. ತಡೆದು ಸುಡುವ ಬದಲು, ಬೇಕಾದಷ್ಟನ್ನೇ ಒಳಗೆ ಬಿಡುವ ಉಪಾಯವಿದು.

ಇಲ್ಲಿ ಕಣ್ಣಿನ ಒಂದು ಗುಣವನ್ನೂ ಹೇಳಬೇಕು. ಬೆಳಕನ್ನು ಉಪಕರಣದಿಂದ ಅಳೆದು ಹತ್ತನೆಯ ಒಂದು ಪಾಲಿಗೆ ಇಳಿಸಿದರೂ ನಮ್ಮ ಕಣ್ಣಿಗೆ ಅದು ಸುಮಾರು ಮೂರನೆಯ ಒಂದು ಪಾಲಿಗೆ ಇಳಿದಂತೆ ತೋರುತ್ತದೆ. ಕಣ್ಣಿನ ಪಾಪೆ ಹಿಗ್ಗುತ್ತದೆ; ಅಕ್ಷಿಪಟಲ ಮಂದ ಬೆಳಕಿಗೆ ತನ್ನನ್ನು ಒಗ್ಗಿಸಿಕೊಳ್ಳುತ್ತದೆ. ಕತ್ತಲೆಗೆ ಕಣ್ಣು ಪೂರ್ಣವಾಗಿ ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಆ ಒಗ್ಗುವಿಕೆಯನ್ನು ಕೆಡಿಸಲು ಒಂದು ಪ್ರಖರವಾದ ದೀಪ ಕ್ಷಣಮಾತ್ರ ಹೊತ್ತಿದರೆ ಸಾಕು. ಸ್ವಲ್ಪ ಬೆಳಕಿನಲ್ಲಿ ಬಹಳವನ್ನು ಕಾಣುವ ಶಕ್ತಿಯನ್ನು ಪ್ರಕೃತಿ ನಮಗೆ ಕೊಟ್ಟಿದೆ. ಲಾಟೀನಿನ ತಿರುಪನ್ನು ಹಿಡಿದ ಕೈ ಈ ಗುಣವನ್ನು ಅನುಭವದಿಂದ ಬಲ್ಲದಾಗಿತ್ತು.

ಈಗ ನನ್ನ ಕಥೆಗೆ ಬರುತ್ತೇನೆ. ನಾನು ನಿವೃತ್ತನಾಗಿ ಬೆಂಗಳೂರಿನಲ್ಲಿ ನೆಲಸಿದ್ದೇನೆ. ಎಂಬತ್ತಾರು ವರ್ಷದ ನಮ್ಮ ತಾಯಿ ಸೋಲೂರಿನಲ್ಲಿ ನನ್ನ ತಮ್ಮನ ಸಂಸಾರದೊಡನೆ, ತಾನು ಸೊಸೆಯಾಗಿ ಬಂದ ಅದೇ ಮನೆಯಲ್ಲಿ ಇದ್ದಾಳೆ. ಅವಳ ಕಣ್ಣು ಮಂದವಾಗಿದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಪಾಪೆ ಕಿರಿದಾಗುತ್ತದೆ. ಇಪ್ಪತ್ತರ ಹರೆಯದವನ ಅಕ್ಷಿಪಟಲಕ್ಕೆ ತಲುಪುವ ಬೆಳಕಿನಲ್ಲಿ ಅರವತ್ತರವನಿಗೆ ತಲುಪುವುದು ಸುಮಾರು ಮೂರನೆಯ ಒಂದು ಪಾಲು ಮಾತ್ರ. ಮುದುಕರಿಗೆ ಬೆಳಕು ಹೆಚ್ಚು ಬೇಕು. ಆದರೆ ಪೊರೆ ಬಂದ ಕಣ್ಣಿಗೆ ಥಟ್ಟನೆ ಬಿದ್ದ ಬೆಳಕು ಚುಚ್ಚುತ್ತದೆ. ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಅವಳು ಒಮ್ಮೆ ಎಡವಿದಳು. ಪೆಟ್ಟೇನೂ ಆಗಲಿಲ್ಲವಾದರೂ ನಮಗೆಲ್ಲ ಭಯವಾಯಿತು.

ನನ್ನ ಮಗ ಎಂಜಿನಿಯರು. ಅಜ್ಜಿಯೆಂದರೆ ಅವನಿಗೆ ಪ್ರಾಣ. “ಇಡೀ ಮನೆಯ ದೀಪಗಳನ್ನು ನಾನು ಸರಿಮಾಡುತ್ತೇನೆ” ಎಂದು ಒಂದು ವಾರ ರಜೆ ಹಾಕಿ ಸೋಲೂರಿಗೆ ಬಂದ. ಹಳೆಯ ಕರಿಯ ಗುಂಡಿಗಳನ್ನು ಕಿತ್ತು ಆ ಜಾಗದಲ್ಲಿ ನುಣುಪಾದ ಗಾಜಿನ ಫಲಕಗಳನ್ನು ಕೂಡಿಸಿದ. ಹಜಾರ, ಅಡಿಗೆಮನೆ, ಕೋಣೆಗಳು, ಹಿತ್ತಿಲು ಎಲ್ಲ ಕಡೆಗೂ ಮಂದಗೊಳಿಸಲು ಬರುವ ಎಲ್‌ಇಡಿ ದೀಪಗಳನ್ನು ಹಾಕಿದ. ಎಲ್ಲ ಎಲ್‌ಇಡಿಗಳಿಗೂ ಈ ಗುಣವಿರುವುದಿಲ್ಲ; ಇಲ್ಲದಿರುವುದನ್ನು ಡಿಮ್ಮರಿಗೆ ಜೋಡಿಸಿದರೆ ಅದು ಮಿಣುಕುತ್ತದೆ, ಕೆಲವು ಸಲ ಗುಂಯ್‌ಗುಟ್ಟುತ್ತದೆ. ಹಿಂದೆ ೬೦ ವ್ಯಾಟಿನ ಬಲ್ಬು ಕೊಡುತ್ತಿದ್ದಷ್ಟು ಬೆಳಕನ್ನು ಸುಮಾರು ೯ ವ್ಯಾಟಿನಲ್ಲಿಯೇ ಕೊಡುವ ದೀಪವಿದು. ಇಂಥ ಬಿಳಿಯ ದೀಪಕ್ಕೆ ದಾರಿ ಮಾಡಿಕೊಟ್ಟ ನೀಲಿ ಎಲ್‌ಇಡಿಯನ್ನು ಕಂಡುಹಿಡಿದದ್ದಕ್ಕಾಗಿ ಅಕಾಸಾಕಿ, ಅಮಾನೊ, ನಕಾಮುರ ಎಂಬ ಮೂವರು ವಿಜ್ಞಾನಿಗಳಿಗೆ ೨೦೧೪ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಎಲ್ಲ ದೀಪಗಳೂ ನಿಸ್ತಂತುವಾಗಿ ಒಂದು ಪುಟ್ಟ ಪೆಟ್ಟಿಗೆಯ ಅಂಕೆಯಲ್ಲಿದ್ದವು. ಪೆಟ್ಟಿಗೆ ಮೊಬೈಲ್ ಫೋನಿನ ಅಂಕೆಯಲ್ಲಿತ್ತು. ನನ್ನ ಮಗ ಫೋನನ್ನು ಬೆರಳಿನಿಂದ ಸವರಿದ. ಮನೆಯ ದೀಪಗಳೆಲ್ಲ ಒಟ್ಟಿಗೆ, ಸಂಜೆಯ ಸೂರ್ಯನಂತೆ, ಮೆಲ್ಲಮೆಲ್ಲನೆ ಇಳಿದವು. ಇನ್ನೊಮ್ಮೆ ಸವರಿದ, ಅಡಿಗೆಮನೆಯೊಂದೇ ಬೆಳಗಿತು. “ಓದು”, “ಊಟ”, “ನಿದ್ದೆ” ಎಂದು ಮೂರು ಏರ್ಪಾಡುಗಳನ್ನು ಮಾಡಿದ್ದ. ರಾತ್ರಿ ಅಜ್ಜಿ ಮಂಚದಿಂದ ಕಾಲಿಳಿಸಿದೊಡನೆ ಬಚ್ಚಲಿನವರೆಗಿನ ದಾರಿಯಲ್ಲಿ ಹೊಂಬಣ್ಣದ ಮಂದ ಬೆಳಕು ತಾನಾಗಿ ಮೂಡುವಂತೆ ಮಾಡಿದ್ದ.

ನಮ್ಮ ತಾಯಿ ಎಲ್ಲವನ್ನೂ ನೋಡಿದಳು. “ಅಂತೂ ಸಣ್ಣಗೆ ಮಾಡುವುದನ್ನು ಕಂಡುಹಿಡಿದರಲ್ಲ!” ಎಂದಳು. ಅರ್ಧ ಶತಮಾನದ ಹಿಂದಿನ ಪ್ರಶ್ನೆಯನ್ನು ಅವಳು ಮರೆತಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಎಲ್ಲ ಸರಿಹೋಯಿತೆಂದು ನಾವು ಬೆಂಗಳೂರಿಗೆ ಹಿಂತಿರುಗಿದೆವು.

ಹದಿನೈದು ದಿನ ಕಳೆದಿರಲಿಲ್ಲ. ಒಂದು ರಾತ್ರಿ ಊರಿನಲ್ಲಿ ವಿದ್ಯುತ್ತು ಹೋಗಿ, ಎರಡು ಗಂಟೆಯ ಹೊತ್ತಿಗೆ ಮರಳಿ ಬಂತು. ಬಂದೊಡನೆ ಮನೆಯ ದೀಪಗಳೆಲ್ಲ, ಒಳಗಿನವು, ಹೊರಗಿನವು, ಹಿತ್ತಿಲಿನವು, ಒಟ್ಟಿಗೆ ಪೂರ್ಣ ಪ್ರಭೆಯಿಂದ ಹೊತ್ತಿಕೊಂಡವು. ವಿದ್ಯುತ್ತು ಕಡಿದು ಬಂದಾಗ ತಾನು ಹಿಂದೆ ಹೇಗಿದ್ದೆನೆಂಬುದನ್ನು ಮರೆತು ಪೂರ್ತಿಯಾಗಿ ಬೆಳಗುವುದು ಅಂಥ ದೀಪಗಳಿಗೆ ಮೊದಲಿನಿಂದ ಮಾಡಿಟ್ಟ ಕಟ್ಟಳೆ. ಅದನ್ನು ಬದಲಾಯಿಸಬೇಕೆಂಬುದು ನಮ್ಮ ಗಮನಕ್ಕೆ ಬಂದಿರಲಿಲ್ಲ. ಹಳ್ಳಿಯಲ್ಲಿ ನಡುರಾತ್ರಿ ಒಂದು ಮನೆಯ ದೀಪಗಳೆಲ್ಲ ಹೊತ್ತಿದರೆ ಅದಕ್ಕೆ ಎರಡೇ ಅರ್ಥ: ಹೆರಿಗೆ ಇಲ್ಲವೆ ಸಾವು. ನಮ್ಮ ಮನೆಯಲ್ಲಿ ಬಸುರಿಯರು ಯಾರೂ ಇರಲಿಲ್ಲ. ನೆರೆಹೊರೆಯವರು ಒಬ್ಬೊಬ್ಬರಾಗಿ ಎದ್ದು ಬಂದರು. ಹೆಂಗಸರು ಸೆರಗನ್ನು ಬಾಯಿಗೆ ಹಿಡಿದುಕೊಂಡೇ ಒಳಗೆ ಕಾಲಿಟ್ಟರು. ಅವರ ಮುಂದೆ ನಮ್ಮ ತಾಯಿ ಕಣ್ಣಿಗೆ ಕೈಯನ್ನು ಅಡ್ಡ ಹಿಡಿದು ಕುಳಿತಿದ್ದಳು. “ಇನ್ನೂ ಇದ್ದೇನೆ, ಬನ್ನಿ, ಕಾಫಿ ಮಾಡಿಸುತ್ತೇನೆ” ಎಂದಳಂತೆ. ಈ ಕಥೆಯನ್ನು ಹೇಳಿ ಊರೆಲ್ಲ ನಕ್ಕಿತು. ಫೋನಿನಲ್ಲಿ ಕೇಳಿ ನಾವೂ ನಕ್ಕೆವು.

ಎರಡನೆಯ ಪ್ರಸಂಗಕ್ಕೆ ಯಾರೂ ನಗಲಿಲ್ಲ.

ಮಳೆಗಾಲದ ಒಂದು ರಾತ್ರಿ. ತಮ್ಮನ ಮನೆಯವರು ಒಂದು ಮದುವೆಗೆ ಹೋಗಿದ್ದರು. ತಾಯಿಗೆ ಜೊತೆಯಾಗಿ ನಾನು ಊರಿಗೆ ಬಂದು ಹಜಾರದಲ್ಲಿ ಮಲಗಿದ್ದೆ. ಬೆಳಗ್ಗೆ ಆರಕ್ಕೆ ಎದ್ದು ಅವಳ ಕೋಣೆಗೆ ಹೋದೆ. ಅವಳು ಮಂಚದ ಅಂಚಿನಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಒಂದು ಕೈ ಆ ಗಾಜಿನ ಫಲಕದ ಮೇಲಿತ್ತು.

“ಯಾವಾಗ ಎದ್ದೆ?” ಎಂದು ಕೇಳಿದೆ.

“ಮಧ್ಯರಾತ್ರಿ ಇರಬೇಕು. ದೀಪ ಬರಲಿಲ್ಲ. ಬೆಳಗಾಗಲಿ ಎಂದು ಕುಳಿತೆ.”

“ನನ್ನನ್ನು ಕರೆಯಬಾರದಿತ್ತೆ?”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ನನ್ನ ಮನೆಯಲ್ಲಿ ದೀಪ ಹಚ್ಚಿಕೊಳ್ಳುವುದಕ್ಕೂ ನಾನು ಇನ್ನೊಬ್ಬರನ್ನು ಕೂಗಬೇಕೇನಪ್ಪ?” ಎಂದಳು.

ನಡೆದದ್ದೇನೆಂಬುದು ವಿಚಾರಿಸಿದ ಮೇಲೆ ತಿಳಿಯಿತು. ನಮ್ಮ ಮನೆಯ ದೀಪಗಳಿಗೆ ಅಪ್ಪಣೆ ಹೋಗುತ್ತಿದ್ದುದು ಅಂತರಜಾಲದ ಮೂಲಕ ಎಲ್ಲಿಯೋ ದೂರದಲ್ಲಿದ್ದ ಗಣಕಯಂತ್ರಕ್ಕೆ. ಅಲ್ಲಿಂದ ಅದು ಹಿಂತಿರುಗಿ ಬಂದ ಮೇಲೆ ದೀಪ ಹೊತ್ತುತ್ತಿತ್ತು. ಮಂಚದಿಂದ ಬಚ್ಚಲಿಗೆ ಹತ್ತು ಹೆಜ್ಜೆಯ ದಾರಿ. ಅದನ್ನು ಬೆಳಗಲು ಅಪ್ಪಣೆ ಎಷ್ಟು ಯೋಜನ ಹೋಗಿಬರಬೇಕಾಗಿತ್ತೋ! ಆ ರಾತ್ರಿಯ ಮಳೆಗಾಳಿಗೆ ಸಂಪರ್ಕ ಕಡಿದಿತ್ತು. ಅವಳು ಮೊಮ್ಮಗ ಕಲಿಸಿದಂತೆ ಬಾಯಿಬಿಟ್ಟು ಹೇಳಿಯೂ ನೋಡಿದ್ದಳು. ನಮ್ಮ ಮನೆಯ ಆ ಯಂತ್ರಕ್ಕೆ ತಿಳಿಯುತ್ತಿದ್ದುದು ಇಂಗ್ಲಿಷ್ ಮಾತ್ರ, ಅಂದು ಅದೂ ತಿಳಿಯುತ್ತಿರಲಿಲ್ಲ. ಕೊನೆಗೆ ಫಲಕವನ್ನು ಮುಟ್ಟಿದ್ದಳು. ಅಂಥ ಫಲಕ ಒತ್ತಡದಿಂದ ಕೆಲಸ ಮಾಡುವುದಿಲ್ಲ. ಬೆರಳಿನ ತೇವದಿಂದ, ಚರ್ಮದ ಮೂಲಕ ಉಂಟಾಗುವ ಸೂಕ್ಷ್ಮವಾದ ವಿದ್ಯುತ್ತಿನ ವ್ಯತ್ಯಾಸದಿಂದ ಸ್ಪರ್ಶವನ್ನು ಅರಿಯುತ್ತದೆ. ಕಳೆ ಕಿತ್ತು, ರಾಗಿ ಬೀಸಿ, ಸೊಪ್ಪು ತರಿದು, ಎಪ್ಪತ್ತು ವರ್ಷ ದುಡಿದು ಒಣಗಿ ಜಡ್ಡುಗಟ್ಟಿದ ಬೆರಳು ಅದು. ಆ ಬೆರಳನ್ನು ಗಾಜು ಗುರುತಿಸಲಿಲ್ಲ.

ನಾನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಮಕ್ಕಳಿಗೆ ಬೆಳಕಿನ ಪಾಠ ಹೇಳಿದವನು. ಆ ಬೆಳಗಿನಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. ನಾವು ಅವಳಿಗೆ ಬೆಳಕನ್ನು ಕೊಟ್ಟಿದ್ದೆವು. ಅದರ ತಿರುಪನ್ನು ಅವಳ ಕೈಯಿಂದ ಕಸಿದುಕೊಂಡಿದ್ದೆವು.

ಹಳೆಯದೇ ಒಳ್ಳೆಯದು, ಇದನ್ನೆಲ್ಲ ಕಿತ್ತೆಸೆ ಎಂದು ಸಿಟ್ಟಿನಲ್ಲಿ ಮಗನಿಗೆ ಫೋನು ಮಾಡಿದೆ. ಅವನು ಎದುರು ಮಾತಾಡದೆ ಆ ದಿನವೇ ಬಂದ. ಅಜ್ಜಿಯ ಕಾಲಬುಡದಲ್ಲಿ ಕುಳಿತು, “ತಪ್ಪು ನನ್ನದು. ಏನು ಬೇಕೆಂದು ನಿನ್ನನ್ನು ಕೇಳದೆ ಮಾಡಿದೆ. ಈಗ ಹೇಳು” ಎಂದ.

ಅವಳ ಉತ್ತರ ನನಗೆ ಆಶ್ಚರ್ಯವನ್ನುಂಟುಮಾಡಿತು. ಅವಳು ಹೊಸದನ್ನು ಬೇಡವೆನ್ನಲಿಲ್ಲ. “ರಾತ್ರಿ ಕಾಲಿಟ್ಟಾಗ ನೆಲದಲ್ಲಿ ಬರುತ್ತದಲ್ಲ, ಆ ಬೆಳಕು ಚೆನ್ನಾಗಿದೆ. ಕಣ್ಣಿಗೆ ಚುಚ್ಚುವುದಿಲ್ಲ, ದಾರಿ ಕಾಣುತ್ತದೆ. ಅದು ಇರಲಿ. ಆದರೆ ಗೋಡೆಯಲ್ಲಿ ಹಿಡಿದುಕೊಳ್ಳುವುದಕ್ಕೆ ನನಗೊಂದು ತಿರುಪು ಬೇಕು. ಕೈಗೆ ಸಿಗಬೇಕು. ತಿರುಗಿಸಿದರೆ ತಿರುಗಿತೆಂದು ನನಗೆ ಗೊತ್ತಾಗಬೇಕು” ಎಂದಳು. ಆಮೇಲೆ ನಗುತ್ತ ಇನ್ನೊಂದು ಮಾತು ಸೇರಿಸಿದಳು: “ಕರೆಂಟು ಬಂತೆಂದು ಊರವರನ್ನೆಲ್ಲ ಎಬ್ಬಿಸಬಾರದು.”

ಯಾವ ಎಂಜಿನಿಯರೂ ಇದಕ್ಕಿಂತ ಸ್ಪಷ್ಟವಾಗಿ ತನ್ನ ಬೇಡಿಕೆಯನ್ನು ಬರೆದುಕೊಡಲಾರನೆಂದು ನನ್ನ ಮಗ ಹೇಳಿದ. ಮೂರು ದಿನ ಕುಳಿತು ಎಲ್ಲವನ್ನೂ ತಿದ್ದಿದ. ದೀಪಗಳ ಅಪ್ಪಣೆ ಮನೆಯಿಂದ ಹೊರಗೆ ಹೋಗದೆ ಮನೆಯೊಳಗಿನ ಪೆಟ್ಟಿಗೆಯಲ್ಲಿಯೇ ತೀರ್ಮಾನವಾಗುವಂತೆ ಮಾಡಿದ. ವಿದ್ಯುತ್ತು ಹೋಗಿ ಬಂದರೆ ದೀಪಗಳು ಹಿಂದಿನ ಸ್ಥಿತಿಯಲ್ಲಿಯೇ ನಿಲ್ಲುವಂತೆ ಕಟ್ಟಳೆಯನ್ನು ಬದಲಾಯಿಸಿದ. ದಾರಿಯ ದೀಪವನ್ನು ಮೊಣಕಾಲಿಗಿಂತ ಕೆಳಗೆ, ಪೂರ್ಣ ಪ್ರಭೆಯ ನೂರರಲ್ಲಿ ಐದು ಪಾಲಿಗೆ ನಿಲ್ಲಿಸಿದ. ಮಂದವಾದ ಹೊಂಬಣ್ಣದ ಬೆಳಕಿಗೂ ಕಾರಣವಿದೆ. ರಾತ್ರಿ ನಮ್ಮ ದೇಹದಲ್ಲಿ ನಿದ್ದೆಯನ್ನು ಕರೆತರುವ ಒಂದು ರಸ ಉತ್ಪತ್ತಿಯಾಗುತ್ತದೆ. ಪ್ರಖರವಾದ, ನೀಲಿ ಹೆಚ್ಚಾಗಿರುವ ಬೆಳಕು ಅದನ್ನು ಅಡಗಿಸಿಬಿಡುತ್ತದೆ. ಮಂದವಾದ ಹಳದಿಯ ಬೆಳಕು ಅಷ್ಟಾಗಿ ಕೆಡಿಸುವುದಿಲ್ಲ.

ಉಳಿದದ್ದು ತಿರುಪು. ತಿರುಗಿಸುವ ಡಿಮ್ಮರು ಅಂಗಡಿಯಲ್ಲಿ ಸಿಕ್ಕಿತು. ಆದರೆ ಅದರ ಪ್ಲಾಸ್ಟಿಕ್ಕಿನ ಗುಬುಟು ಚಿಕ್ಕದು, ಜಾರುವಂಥದು. ನನ್ನ ಮಗ ಅದರ ಅಳತೆಯನ್ನು ತೆಗೆದುಕೊಂಡು ಚನ್ನಪಟ್ಟಣಕ್ಕೆ ಹೋದ. ಅಲ್ಲಿನ ಕುಶಲಕರ್ಮಿಗಳು ಹಾಲೆಮರವನ್ನು ಚರಕಿಗೆ ಹಿಡಿದು ಗೊಂಬೆ ಮಾಡುವುದನ್ನು ನೀವು ನೋಡಿರಬಹುದು. ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ ಹಿಡಿದರೆ ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆಮೇಲೆ ಓಲೆಗರಿಯಿಂದ ತೀಡಿ ಹೊಳಪು ಕೊಡುತ್ತಾರೆ. ಆ ಚರಕಿಯ ಮೇಲೆ ಒಂದು ಹಿಡಿ ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡದಾದ, ಅಂಚಿನಲ್ಲಿ ಗೀರುಗಳಿರುವ ಕೆಂಪು ಗುಬುಟು ಸಿದ್ಧವಾಯಿತು. ಅದನ್ನು ಮಂಚದ ಬಳಿ, ಐವತ್ತು ವರ್ಷಗಳ ಹಿಂದೆ ಕರಿಯ ಗುಂಡಿ ಇದ್ದ ಜಾಗದಲ್ಲಿಯೇ ಕೂಡಿಸಿದೆವು. ಕತ್ತಲೆಯಲ್ಲಿ ಅವಳ ಕೈ ಹುಡುಕದೆ ಹೋಗುತ್ತಿದ್ದ ಜಾಗ ಅದು. ಅಂತರಜಾಲವಿರಲಿ, ಇಲ್ಲದಿರಲಿ, ಪೆಟ್ಟಿಗೆ ಕೆಟ್ಟರೂ ಕೆಡಲಿ, ವಿದ್ಯುತ್ತು ಇರುವವರೆಗೆ ಆ ತಿರುಪು ಆ ದೀಪವನ್ನು ಆಳುತ್ತದೆ. ವಿದ್ಯುತ್ತೂ ಇಲ್ಲದ ರಾತ್ರಿಗೆಂದು ಅವಳು ಹಳೆಯ ಲಾಟೀನನ್ನು ಒರೆಸಿ ಮೂಲೆಯಲ್ಲಿ ಇಟ್ಟುಕೊಂಡಿದ್ದಾಳೆ. ಅದಕ್ಕೆ ನಾವು ಯಾರೂ ಆಕ್ಷೇಪಿಸಲಿಲ್ಲ.

ಕಳೆದ ಚಳಿಗಾಲದಲ್ಲಿ ಅವಳಿಗೆ ಜ್ವರ ಬಂತು. ವೈದ್ಯರು ಬಂದು ನೋಡಿ ಔಷಧ ಕೊಟ್ಟು ಹೋದರು. ಆ ರಾತ್ರಿ ನಾನು ಅವಳ ಬಳಿ ಕುರ್ಚಿ ಹಾಕಿಕೊಂಡು ಕುಳಿತೆ. ಕೆಂಪು ತಿರುಪನ್ನು ಹಿಡಿದು, ಬೆಳಕನ್ನು ಸ್ವಲ್ಪ ಏರಿಸಿ, ಸ್ವಲ್ಪ ಇಳಿಸಿ, ಕೊನೆಗೊಂದು ಕಡೆ ನಿಲ್ಲಿಸಿದೆ. ಅವಳ ಮುಖ ಕಾಣುತ್ತಿರಲಿಲ್ಲ. ಹೊದಿಕೆ ಮೇಲೇರುವುದು, ಕೆಳಗಿಳಿಯುವುದು ಕಾಣುತ್ತಿತ್ತು. ನಾನು ಅದನ್ನೇ ನೋಡುತ್ತ ಕುಳಿತೆ. ಎಷ್ಟೋ ಹೊತ್ತಿನ ಮೇಲೆ, ನನಗೆ ಅರಿವಿಲ್ಲದೆ, ಕುರ್ಚಿಯಲ್ಲಿಯೇ ಕಣ್ಣುಮುಚ್ಚಿದೆ.

ಎಚ್ಚರವಾದಾಗ ಕೋಣೆ ನಾನು ಬಿಟ್ಟಿದ್ದಕ್ಕಿಂತ ಮಬ್ಬಾಗಿತ್ತು. ಗಾಬರಿಯಿಂದ ಮುಂದೆ ಬಾಗಿದೆ. ಅವಳು ಎಚ್ಚರವಾಗಿದ್ದಳು, ಜ್ವರ ಬಿಟ್ಟು ಹಣೆ ಬೆವರಿತ್ತು. ಒಂದು ಕೈ ಆ ತಿರುಪಿನ ಮೇಲಿತ್ತು.

“ನೀನು ನಿದ್ದೆ ಹೋಗಿದ್ದೆ. ಮುಖಕ್ಕೆ ಬೆಳಕು ಬೀಳುತ್ತಿತ್ತು. ಸಣ್ಣಗೆ ಮಾಡಿದೆ” ಎಂದಳು.

ಮಣ್ಣಿಗೆ ಒಂದು ಹದ, ಪಾಕಕ್ಕೆ ಒಂದು ಹದ, ಮಾತಿಗೆ ಒಂದು ಹದ ಇರುವಂತೆ ಬೆಳಕಿಗೂ ಒಂದು ಹದವಿದೆ. ಅದನ್ನು ನೂರು ಭಾಗ ಮಾಡಿ ಅಳೆದುಕೊಡುವ ಯಂತ್ರವನ್ನು ಮನುಷ್ಯನ ಬುದ್ಧಿ ಕಂಡುಹಿಡಿದಿದೆ. ಅದು ಸಣ್ಣ ಸಾಧನೆಯಲ್ಲ. ಆದರೆ ಯಾರ ಮುಖಕ್ಕೆ ಎಷ್ಟು ಬೆಳಕು ಬೀಳಬೇಕೆಂಬುದನ್ನು ಎಚ್ಚರವಾಗಿದ್ದು ನೋಡುವವರು ಮನೆಯಲ್ಲಿ ಒಬ್ಬರು ಬೇಕು. ತಿರುಪು ಅವರ ಕೈಗೆ ಸಿಗುವಂತಿರಬೇಕು.

ಅಭ್ಯಾಸ

೧. ಲೇಖಕರ ತಾಯಿ ಲಾಟೀನಿನ ಬೆಳಕನ್ನು ಯಾವ ಯಾವ ಸಂದರ್ಭಗಳಲ್ಲಿ ಹೇಗೆ ಬದಲಾಯಿಸುತ್ತಿದ್ದರು?
೨. ರೇಷ್ಮೆಹುಳು ಗೂಡು ಕಟ್ಟುವಾಗ ಮಂದವಾದ, ಸಮನಾದ ಬೆಳಕು ಏಕೆ ಬೇಕು?
೩. “ಇದರಲ್ಲಿ ಸಣ್ಣಗೆ ಮಾಡುವುದು ಎಲ್ಲಿ?” ಈ ಮಾತನ್ನು ಯಾರು, ಯಾವಾಗ ಹೇಳಿದರು? ಇದಕ್ಕೆ ಉತ್ತರ ದೊರೆತದ್ದು ಹೇಗೆ?
೪. ತಡೆಯನ್ನು ಬಳಸುವ ಹಳೆಯ ಸಾಧನಕ್ಕೂ ಅರೆವಾಹಕದ ಡಿಮ್ಮರಿಗೂ ಇರುವ ವ್ಯತ್ಯಾಸವನ್ನು ವಿವರಿಸಿ.
೫. “ತಿರುಪನ್ನು ಅವಳ ಕೈಯಿಂದ ಕಸಿದುಕೊಂಡಿದ್ದೆವು” ಎಂಬ ಮಾತಿನ ಅರ್ಥವನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.
೬. ನಿಮ್ಮ ಮನೆಯ ಹಿರಿಯರು ಹಿಂದೆ ಬಳಸುತ್ತಿದ್ದ ದೀಪಗಳ ವಿಷಯವನ್ನು ಅವರಿಂದ ಕೇಳಿ ತಿಳಿದು ಒಂದು ಪುಟದಷ್ಟು ಬರೆಯಿರಿ.